ಯೂನಿಫಾರ್ಮ್ ಫೋಟೋ ಸ್ಟುಡಿಯೋದಲ್ಲೂ ಸಿಗುತ್ತಂತೆ!

ಮನೆಗೆ ಬಂದು ಕಾಫಿ ಕುಡಿದೆ, ಬಟ್ಟೆ ಒಗೆದೆ, ಸುಮ್ನೆ ಕೂತಿದ್ದ ಮಗನಿಗೆ ಬೈದೆ. ಸಿಟ್ಟು ಇಳಿಯಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆಗುತ್ತೆ. ಓದೋರು ಓದಿ, ಬೇಡದೋರು ಬಿಡಿ.

ಯಾವ ಕಚೇರಿ ಅಂತ ಕೇಳಬೇಡಿ. ಹೆಸರು ಹಾಕಿದರೆ ನಾಳೆ ಮತ್ತೆ ಅದೇ ಕಿಟಕಿ ಮುಂದೆ ನಿಲ್ಲಬೇಕಾದವಳು ನಾನೇ. ಹಾಸನದಲ್ಲಿ ನಡೆದಿದ್ದು, ಅಷ್ಟು ಸಾಕು.

ಅಪ್ಪ ಮಿಲಿಟರಿಯಲ್ಲಿ ಇದ್ದ. ಅವನ ಸರ್ವಿಸ್ ದಾಖಲೆಗೆ ಅಂತ ಅವ್ವನನ್ನು ಕರ್ಕೊಂಡು ಹೋಗಿದ್ದೆ. ನಂಬರ್ ಬೇಕಂತೆ. ಸರ್ವಿಸ್ ನಂಬರ್ ಇಲ್ಲದೆ ಸೇನೆಯ ರೆಕಾರ್ಡ್ ಆಫೀಸಿಗೆ ಪತ್ರ ಹಾಕೋಕೆ ಆಗಲ್ವಂತೆ. ಸ್ವಾಮಿ, ನಂಬರ್ ಇದ್ದಿದ್ದು ಸೇನೆ ಬಿಡುವಾಗ ಕೊಟ್ಟ ಡಿಸ್ಚಾರ್ಜ್ ಬುಕ್ಕಿನಲ್ಲಿ. ಆ ಬುಕ್ಕನ್ನು ಟ್ರಂಕಿನ ತಳದಲ್ಲೇ ಗೆದ್ದಲು ತಿಂದು ಮುಗಿಸಿದೆ. ಹಾಳಾಯ್ತು ಅಂತಲೇ ಅಲ್ವಾ ನಾವು ದಾಖಲೆಯ ನಕಲು ಕೇಳೋಕೆ ಬಂದಿದ್ದು? ಬುಕ್ಕು ನೆಟ್ಟಗಿದ್ದಿದ್ದರೆ ನಿಮ್ಮ ಕಿಟಕಿ ಹತ್ತಿರ ನಮಗೇನು ಕೆಲಸ?

ಇದನ್ನೇ ಹೇಳಿದೆ. ಇಷ್ಟು ಜೋರಾಗಿ ಅಲ್ಲ, ಮೆಲ್ಲಗೆ, ಸಾರ್ ಸಾರ್ ಅಂತ. ಕಿಟಕಿಯಲ್ಲಿ ಕೂತಿದ್ದವನು ತಲೆ ಎತ್ತದೆ ಕೇಳಿದ, "ಗಂಡು ಮಕ್ಕಳಿಲ್ವಾ ಮನೇಲಿ?" ಇಲ್ಲ ಅಂದೆ. "ಮದುವೆ ಆಗಿ ಹೋದ ಮಗಳಿಗೆ ಅಪ್ಪನ ರೆಕಾರ್ಡ್ ಯಾಕೆ?" ನನಗಲ್ಲ ಸಾರ್, ಅವ್ವನಿಗೆ, ಇಲ್ಲೇ ನಿಂತಿದ್ದಾಳೆ ನೋಡಿ ಅಂದೆ. ಅವ್ವನನ್ನು ನೋಡಿದ. ಕಂಬ ನೋಡಿದ ಹಾಗೆ ನೋಡಿದ.

ಆಗ ಅವ್ವ ಬಟ್ಟೆ ಅಂಗಡಿ ಕವರಿನಿಂದ ಫೋಟೋ ತೆಗೆದು ಕೊಟ್ಟಳು. ಕಪ್ಪು ಬಿಳುಪಿನದು. ಅಪ್ಪ ಯೂನಿಫಾರ್ಮಿನಲ್ಲಿ, ಇನ್ನೂ ಮೀಸೆ ಸರಿಯಾಗಿ ಬಂದಿಲ್ಲ. ಗೋಡೆ ಮೇಲಿನ ಫ್ರೇಮಿನಿಂದ ನಿನ್ನೆ ರಾತ್ರಿ ಅವಳೇ ಮೊಳೆ ಬಿಚ್ಚಿ ತೆಗೆದಿದ್ದಳು. ಅವನು ತಗೊಂಡ. ತಿರುಗಿಸಿದ. ಹಿಂದೆ ಯಾವುದೋ ಸ್ಟುಡಿಯೋ ಸೀಲು. ಅದನ್ನು ಓದಿದ. ಓದಿ, ನಮ್ಮ ಹಿಂದೆ ನಿಂತಿದ್ದವರಿಗೂ ಕೇಳೋ ಹಾಗೆ ಹೇಳಿದ: "ಯೂನಿಫಾರ್ಮ್ ಸ್ಟುಡಿಯೋದಲ್ಲೂ ಸಿಗುತ್ತೆ ಕಣಮ್ಮ. ಕೋಟು ಕೊಡಲ್ವಾ ಮದುವೆ ಗಂಡಿಗೆ, ಹಂಗೆ."

ಯಾರೋ ನಕ್ಕರು. ಒಬ್ಬ ಹೆಲ್ಮೆಟ್ ಕೈಯಲ್ಲಿ ಹಿಡಿದಿದ್ದ, ಅವನೇ ಇರಬೇಕು. ಇವನಿಗೆ ಇನ್ನೂ ಹುಮ್ಮಸ್ಸು ಬಂತು. "ಕೊಡಗಿನವರು ಅಂದಿದ್ರೆ ನಂಬಬಹುದಿತ್ತು. ನೀವು ಆಲೂಗಡ್ಡೆ ಬೆಳೆಯೋರು."

ಅವ್ವ ಏನೂ ಮಾತಾಡಲಿಲ್ಲ. ಕೈ ಚಾಚಿ ಫೋಟೋ ವಾಪಸ್ ತಗೊಂಡಳು. ಅವನ ಬೆರಳಲ್ಲಿ ಸ್ಟಾಂಪ್ ಪ್ಯಾಡಿನ ನೇರಳೆ ಇಂಕು ಇತ್ತು, ಅದು ಅಪ್ಪನ ಭುಜದ ಹತ್ತಿರ ಅಂಟಿತ್ತು. ಸೆರಗಿನ ತುದಿಯನ್ನು ನಾಲಿಗೆಗೆ ತಾಗಿಸಿ ಒರೆಸಿದಳು. ಹೋಗಲಿಲ್ಲ. ಇನ್ನೊಂದು ಸಲ ಒರೆಸಿದಳು. ಹೋಗಲಿಲ್ಲ.

ನಾನು ಏನು ಮಾಡಿದೆ ಗೊತ್ತಾ? "ಆಯ್ತು ಸಾರ್, ಥ್ಯಾಂಕ್ಯೂ ಸಾರ್" ಅಂದೆ. ಥ್ಯಾಂಕ್ಯೂ! ಮನೇಲಿ ಗಂಡನ ಮುಂದೆ, ತರಕಾರಿಯವನ ಮುಂದೆ, ಕಂಡಕ್ಟರ್ ಮುಂದೆ ನನ್ನ ಬಾಯಿ ನೋಡಬೇಕು ನೀವು. ಎರಡು ರೂಪಾಯಿ ಚಿಲ್ಲರೆಗೆ ಬೇಲೂರಿನ ತನಕ ಜಗಳ ಆಡಿದವಳು ನಾನು. ಅಲ್ಲಿ ನಾಲಿಗೆ ಎಲ್ಲಿ ಹೋಗಿತ್ತೋ. ಬಸ್ಸಿನಲ್ಲಿ ಕೂತ ಮೇಲೆ ಎಂಥೆಂಥ ಉತ್ತರ ಹೊಳೆದವು! ಒಂದಕ್ಕಿಂತ ಒಂದು ಚೆನ್ನಾಗಿದ್ದವು.

ಬಿಡಿ. ಅವನದೂ ಪೂರ್ತಿ ತಪ್ಪಲ್ಲ. ಸುಳ್ಳು ಸರ್ಟಿಫಿಕೇಟ್ ತಂದು ಸೈಟು, ಜಮೀನು ಅಂತ ಕೇಳೋರೂ ಇರುತ್ತಾರೆ. ದಿನಾ ಅಂಥವರನ್ನು ನೋಡಿ ನೋಡಿ ಹಂಗಾಗಿರಬಹುದು. ಅವನಿಗೂ ಮೇಲಿನವರು ಬೈಯುತ್ತಾರೇನೋ.

ಇಲ್ಲ, ಯಾಕೆ ಬಿಡಬೇಕು? ಅನುಮಾನ ಇದ್ದರೆ ಬರೆದು ಕೇಳಲಿ, ಅದಕ್ಕೇ ತಾನೇ ರೆಕಾರ್ಡ್ ಆಫೀಸ್ ಇರೋದು? ಅವ್ವನ ಗಂಡ ವೇಷ ಹಾಕಿದ್ದ ಅಂತ ಹತ್ತು ಜನರ ಮುಂದೆ ಹೇಳೋಕೆ ಇವನು ಯಾರು?

ಪದಕವನ್ನೂ ತೋರಿಸಿದ್ದೆವು. ಅದನ್ನು ಹೇಳೋದೇ ಮರೆತೆ. 1971ರ ಯುದ್ಧಕ್ಕೆ ಕೊಟ್ಟ ಸಂಗ್ರಾಮ್ ಪದಕ. ನಮ್ಮ ಬೀದಿಯ ಸುಬೇದಾರ್ ಮಾವ ಹೇಳಿಕೊಟ್ಟಿದ್ದರು, "ಪದಕದ ಅಂಚು ನೋಡಮ್ಮ, ನಂಬರ್, ರ‍್ಯಾಂಕು, ಹೆಸರು ಕೊರೆದಿರ್ತಾರೆ" ಅಂತ. ನಿಜ, ಕೊರೆದಿದ್ದಾರೆ. ಮಾವ ಭೂತಗಾಜು ಹಿಡಿದು ಓದಿದರು. ಗನ್ನರ್ ಅಂತ ಇತ್ತು. "ನಿಮ್ಮಪ್ಪ ಆರ್ಟಿಲರಿ, ಫಿರಂಗಿ ದಳ. ಇದು ನಾಸಿಕ್ ರೋಡ್ ಕ್ಯಾಂಪಿಗೆ ಹೋಗಬೇಕು" ಅಂದರು. ಸೇನೆಯಲ್ಲಿ ಎಲ್ಲರ ಕಾಗದವೂ ಒಂದೇ ಕಡೆ ಇರಲ್ಲ, ಒಂದೊಂದು ವಿಭಾಗಕ್ಕೂ ಒಂದೊಂದು ರೆಕಾರ್ಡ್ ಆಫೀಸು. ಸಿಗ್ನಲ್ಸ್‌ನವರದು ಜಬಲ್ಪುರ, ಮದ್ರಾಸ್ ರೆಜಿಮೆಂಟಿನದು ವೆಲ್ಲಿಂಗ್ಟನ್. ನಮಗೆ ಇದೆಲ್ಲ ಎಲ್ಲಿ ಗೊತ್ತು? ಅಪ್ಪ ಮಿಲಿಟರಿ ಅಂತ ಗೊತ್ತು, ಅಷ್ಟೇ.

ಆದರೆ ನಂಬರಿನ ಕೊನೆಯ ಎರಡು ಅಂಕೆ ಸವೆದು ಹೋಗಿವೆ. ಯಾಕೆ ಅಂದರೆ ಅವ್ವ ಪ್ರತಿ ಯುಗಾದಿಗೂ ದೀಪದ ಕಂಬ, ತಾಮ್ರದ ಚೊಂಬಿನ ಜೊತೆ ಪದಕವನ್ನೂ ಹುಣಸೆಹಣ್ಣು ಹಾಕಿ ತಿಕ್ಕಿದ್ದಾಳೆ. ಹೊಳೆಯಲಿ ಅಂತ. ಹೊಳೆಯುತ್ತೆ, ಸುಳ್ಳಲ್ಲ. ಎರಡು ಅಂಕೆ ಇಲ್ಲ ಅಂದರೆ ನೂರು ನಂಬರ್ ಆಗಬಹುದು. ನೂರನ್ನೂ ಬರೆದು ಕಳಿಸಲಾ? ಇದರಲ್ಲಿ ನಮ್ಮಪ್ಪ ಯಾರು, ಗುರುತಿಸಿ ಕೊಡಿ ಅಂತ?

ಇದೆಲ್ಲ ಯಾಕೆ ಬೇಕು ಅಂತೀರಾ. ಅಪ್ಪನಿಗೆ ಪೆನ್ಷನ್ ಇರಲಿಲ್ಲ. ಜವಾನರಿಗೆ ಪೆನ್ಷನ್ ಬೇಕು ಅಂದರೆ 15 ವರ್ಷ ಸರ್ವಿಸ್ ಆಗಬೇಕು. ನಮ್ಮ ತಾತ ಸತ್ತರು, ಗದ್ದೆ ನೋಡೋರಿಲ್ಲ ಅಂತ 1976ರಲ್ಲೇ ಬಿಟ್ಟು ಬಂದ. ಈಗ ಅಪ್ಪನೂ ಇಲ್ಲ. ಪೆನ್ಷನ್ ಇಲ್ಲದ, 65 ದಾಟಿದ ಮಾಜಿ ಸೈನಿಕರಿಗೆ, ಅವರ ವಿಧವೆಯರಿಗೆ ಕೇಂದ್ರ ಸೈನಿಕ ಮಂಡಳಿಯಿಂದ ತಿಂಗಳಿಗೆ ನಾಲ್ಕು ಸಾವಿರ ಸಹಾಯಧನ ಇತ್ತು. 2025ರಲ್ಲಿ ಅದನ್ನು ಎಂಟು ಸಾವಿರ ಮಾಡಿದರು. ಅವ್ವ ಆ ಸುದ್ದಿ ಕೇಳಿದ್ದೂ ಸುಬೇದಾರ್ ಮಾವನ ಬಾಯಲ್ಲೇ. ಎಂಟು ಸಾವಿರ ಅಂದರೆ ಅವಳ ಬಿಪಿ, ಶುಗರ್ ಮಾತ್ರೆಗೆ ನನ್ನ ಗಂಡನ ಕೈ ನೋಡಬೇಕಾಗಿಲ್ಲ.

ಇನ್ನೊಂದು ವಿಷಯ ಗೊತ್ತಾದ ಮೇಲಂತೂ ಕೈಕಾಲು ಬಿದ್ದು ಹೋಯಿತು. ಪೆನ್ಷನ್ ಇಲ್ಲದವರ ಸರ್ವಿಸ್ ಕಾಗದವನ್ನು 25 ವರ್ಷ ಇಟ್ಟು ಆಮೇಲೆ ನಾಶ ಮಾಡುತ್ತಾರಂತೆ. ಸೇನೆಯ ನಿಯಮದ 595ನೇ ಪ್ಯಾರಾ. ಉಳಿಯೋದು ಲಾಂಗ್ ರೋಲ್ ಅನ್ನೋ ದೊಡ್ಡ ಪಟ್ಟಿ ಮಾತ್ರ. ಲೆಕ್ಕ ಹಾಕಿ. 1976ಕ್ಕೆ 25 ಸೇರಿಸಿದರೆ 2001. ಆಗ ಅಪ್ಪ ಇನ್ನೂ ಗಟ್ಟಿಮುಟ್ಟಾಗಿದ್ದ, ಶುಂಠಿ ಪಾತಿಗೆ ಮಣ್ಣು ಏರಿಸ್ತಾ ಇದ್ದ. ಮನುಷ್ಯ ಬದುಕಿರುವಾಗಲೇ ಅವನ ಕಾಗದದ ವಾಯಿದೆ ಮುಗಿದಿತ್ತು! ಜಾಗ ಸಾಲಲ್ಲ, ಒಪ್ಪಿದೆ. ಲಕ್ಷಾಂತರ ಜನರ ಕಾಗದ ಎಷ್ಟು ದಿನ ಕಾಯೋದು, ಅದೂ ಒಪ್ಪಿದೆ. ಹಾಗಾದರೆ ಸಹಾಯಧನಕ್ಕೆ ಅದೇ ಕಾಗದ ತನ್ನಿ ಅಂತ ಎಪ್ಪತ್ತು ದಾಟಿದ ಹೆಂಗಸಿಗೆ ಯಾಕೆ ಹೇಳ್ತೀರಾ? ಯಾರಾದರೂ ಉತ್ತರ ಕೊಡಿ. ಸೇನೆಯಲ್ಲಿ ಇರೋರು, ಇದ್ದು ಬಂದೋರು, ವಕೀಲರು, ಯಾರಾದರೂ. ಲಾಂಗ್ ರೋಲಿನಲ್ಲಿ ಹೆಸರು, ಊರು ಹಿಡಿದು ಹುಡುಕುತ್ತಾರಾ, ನಂಬರೇ ಬೇಕಾ? ಅಪ್ಪ ಬರೆದ ಕಾಗದಗಳ ಹಿಂದೆ ನಂಬರ್ ಇರ್ತಿತ್ತು, 56 ಎಪಿಓ ಅಂತ ಸೇನೆಯ ಅಂಚೆ ವಿಳಾಸ ಇರ್ತಿತ್ತು ಅಂತ ಅವ್ವ ಹೇಳ್ತಾಳೆ. ಅವೆಲ್ಲ ಎಲ್ಲವ್ವಾ ಅಂದರೆ "ಬಾಣಂತನದಲ್ಲಿ ನೀರೊಲೆಗೆ ಹಾಕಿದೆ" ಅಂತಾಳೆ. ನನ್ನದೇ ಬಾಣಂತನ, ನಾನು ಹುಟ್ಟಿದಾಗಿನದು. ಯಾರಿಗೆ ಬೈಯಲಿ?

ಸುಬೇದಾರ್ ಮಾವ ಆ ಕಿಟಕಿ ಬಿಟ್ಟುಬಿಡು, ಮಾಹಿತಿ ಹಕ್ಕಿನಲ್ಲಿ ನೇರ ನಾಸಿಕ್‌ಗೆ ಹಾಕು ಅಂದಿದ್ದಾರೆ. ಹತ್ತು ರೂಪಾಯಿ ಫೀಸು, 30 ದಿನದಲ್ಲಿ ಉತ್ತರ ಕೊಡಲೇಬೇಕು. ಅರ್ಜಿ ಅವ್ವನ ಹೆಸರಿನಲ್ಲೇ ಇರಲಿ, ಅಪ್ಪನ ಮರಣ ಪತ್ರ, ಪದಕದ ಅಂಚಿನ ಫೋಟೋ ಎಲ್ಲ ಜೊತೆಗಿಡು ಅಂದರು. ಆನ್‌ಲೈನ್ ಇದೆ ಅಂತ ದಯವಿಟ್ಟು ಯಾರೂ ಹೇಳಬೇಡಿ, ಗೊತ್ತು. ಅವ್ವ ತನ್ನ ಕೈಯಾರೆ ಸೈನು ಹಾಕಿದ ಕಾಗದ ಹೋಗಬೇಕು ಅಂತ ಹಟ ಹಿಡಿದಿದ್ದಾಳೆ. ಇವತ್ತಿನ ಮೇಲೆ ಅವಳ ಹಟಕ್ಕೆ ಎದುರಾಡೋ ಧೈರ್ಯ ನನಗಿಲ್ಲ.

ಆ ಫೀಸಿಗೆ ಅಂತ ಬರುವಾಗಲೇ ಪೋಸ್ಟ್ ಆಫೀಸಿನಲ್ಲಿ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಕೇಳಿದೆ. ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ ಅಂದರು. ಹಾಸನದಲ್ಲಿ ಯಾರ ಹತ್ರ ಆದ್ರೂ ಒಂದಿದ್ದರೆ ಹೇಳಿ, ನಾನೇ ಬಂದು ತಗೊಂಡು ಹೋಗ್ತೀನಿ. ಇಪ್ಪತ್ತು ಕೊಡ್ತೀನಿ ಬೇಕಾದರೆ.