ಅಪ್ಪನ ವಾಚಿಗೆ ಒಂದು ಚೈನು ಸಿಗಬಾರದೇ?

ನಿನ್ನೆ ಐದನೇ ಅಂಗಡಿಯವರೂ "ಹೊಸ ವಾಚೇ ತಗೊಳ್ಳಿ ಸಾರ್" ಅಂದಾಗ ಹೊಟ್ಟೆ ಉರಿದುಹೋಯಿತು. ಅದು ಅಪ್ಪನ ಎಚ್‌ಎಂಟಿ ಜನತಾ. ಕೀ ಕೊಟ್ಟರೆ ಇವತ್ತಿಗೂ ಓಡುತ್ತದೆ. ಬೇಕಿರುವುದು ಒಂದು ಸ್ಟೀಲ್ ಚೈನು, ಅಷ್ಟೇ!

ಚೈನು ಕೂರುವ ಜಾಗ ಅಳೆದೆ, 17 ಮಿ.ಮೀ. ಅಂಗಡಿಯಲ್ಲಿ ಇರುವುದೆಲ್ಲ 18, 20, 22. ಒಬ್ಬರು 18ರದ್ದನ್ನೇ ಅರದಲ್ಲಿ ಉಜ್ಜಿ ತುರುಕಿದರು. ಕೇಸಿನ ಅಂಚಿಗೆ ಉದ್ದಕ್ಕೂ ಗೀರು! ಅಪ್ಪ ಇಷ್ಟು ವರ್ಷ ಜೋಪಾನ ಮಾಡಿದ್ದು ಇದಕ್ಕಾ? 16ರದ್ದು ಹಾಕಿದರೆ ಎರಡೂ ಕಡೆ ಸಂದು, ಒಳಗಿನ ಪಿನ್ನು ಇಣುಕುತ್ತದೆ. ಇನ್ನೊಂದು ಚೈನು ಮುಂಗೈ ಕೂದಲನ್ನೇ ಕೀಳುತ್ತದೆ.

1961ರಲ್ಲಿ ಎಚ್‌ಎಂಟಿ ವಾಚು ಶುರುವಾದ ಊರು ಬೆಂಗಳೂರು. ಇಲ್ಲೇ ಸಿಗದಿದ್ದರೆ ಇನ್ನೆಲ್ಲಿ ಹುಡುಕಲಿ?