ಸೋಫಾದ ಹಿಂದಿನ ಡಬ್ಬಗಳು

ನಮ್ಮ ಪಕ್ಕದ ಮನೆಯಲ್ಲಿ ಸೋಫಾದ ಹಿಂದೆ, ಗೋಡೆಗೆ ಒತ್ತಿ, ಗುಲಾಬಿ ಬಣ್ಣದ ಡಬ್ಬಗಳನ್ನು ಪೇರಿಸಿಟ್ಟಿದ್ದಾರೆ. ಮುಖಕ್ಕೆ ಹಚ್ಚುವ ಸೀರಮ್. ಒಂದೊಂದು ಡಬ್ಬದ ಮೇಲೂ ಅದೇ ನಟಿಯ ನಗುಮುಖ. ಆ ಮನೆಯ ಹುಡುಗಿ ಮೊದಲ ಸಲ ಡಬ್ಬ ತಂದು ತೋರಿಸಿದಾಗ "ಆಂಟಿ, ಇವರು ನನ್ನ ಫೌಂಡರ್" ಅಂದಿದ್ದಳು. ನಟಿ ಅನ್ನಲಿಲ್ಲ. ಆ ಒಂದು ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ.

ನಾನು ಇಲ್ಲಿಗೆ, ಕ್ವಾಲಾಲಂಪುರದ ದಕ್ಷಿಣಕ್ಕಿರುವ ಬಾಂಗಿಗೆ ಬಂದು 11 ವರ್ಷವಾಯ್ತು. ಮಲಯ ಕುಟುಂಬಗಳೇ ಹೆಚ್ಚಿರುವ ಊರು. ಹೆಣ್ಣುಮಕ್ಕಳ ತಲೆವಸ್ತ್ರ, ಇಲ್ಲಿನವರು ತುಡುಂಗ್ ಅನ್ನುತ್ತಾರೆ, ಅದರ ಅಂಗಡಿಗಳೇ ಸಾಲುಸಾಲು. ಪಕ್ಕದ ಮನೆಯ ಕಾಕ್ (ಇಲ್ಲಿ ಅಕ್ಕನಿಗೆ ಕಾಕ್ ಅನ್ನುವುದು) ಬೆಳಗಿನ ಜಾವ ನಾಲ್ಕಕ್ಕೆದ್ದು ನಾಸಿ ಲೆಮಾಕ್, ಅಂದರೆ ತೆಂಗಿನ ಹಾಲಿನ ಅನ್ನ, ಮಾಡಿ, ಪೊಟ್ಟಣ ಕಟ್ಟಿ ರಸ್ತೆಬದಿಯಲ್ಲಿ ಮಾರುತ್ತಾರೆ. ಮಗಳಿಗೆ ಈಗ 19. ಎಂಟು ವರ್ಷದವಳಿದ್ದಾಗಿನಿಂದ ನಮ್ಮ ಮನೆಯಲ್ಲಿ ದೋಸೆ ತಿಂದು ಬೆಳೆದ ಮಗು.

ಕಾಲೇಜಿಗೆಂದು ಬಂದ ಸಾಲದ ಮೊದಲ ಕಂತು, ಜೊತೆಗೆ ಅಮ್ಮನ ಸ್ವಲ್ಪ ದುಡ್ಡು ಸೇರಿಸಿ ಅವಳು 100 ಡಬ್ಬ ಕೊಂಡಳು. ಈ ವ್ಯಾಪಾರಕ್ಕೆ ಒಂದು ಮೆಟ್ಟಿಲಿದೆ. ಮೇಲೆ ಫೌಂಡರ್, ಅಂದರೆ ಬ್ರ್ಯಾಂಡ್‌ನ ಒಡತಿ ಆ ನಟಿ, ಕೆಳಗೆ ಸಗಟು ಮಾಲು ಎತ್ತುವ ಸ್ಟಾಕಿಸ್ಟ್, ಅದರ ಕೆಳಗೆ ಇವಳಂಥ ಏಜೆಂಟ್. ಹೆಚ್ಚು ಕೊಂಡಷ್ಟೂ ಡಬ್ಬದ ಬೆಲೆ ಇಳಿಯುತ್ತದೆ. ಆದರೆ ದುಡ್ಡು ಮುಂಗಡ. ಏಜೆಂಟ್ ಕೊಂಡ ಕ್ಷಣಕ್ಕೇ ನಟಿಯ ಮಟ್ಟಿಗೆ ಮಾಲು ಮಾರಾಟವಾಗಿ ಮುಗಿಯಿತು. ಉಳಿದದ್ದು ಹುಡುಗಿಯ ಹಣೆಬರಹ. ಡಬ್ಬದ ತಳದಲ್ಲಿ ತಾರೀಖು ಬೇರೆ ಇರುತ್ತದೆ, ಅದು ದಾಟಿದರೆ ಕಸ.

ನಟನಟಿಯರ ಹುಚ್ಚು ಮಲಯರಿಗೆ ಹೊಸದಲ್ಲ, ಅದನ್ನು ತಪ್ಪು ಅಂತಲೂ ನಾನು ಹೇಳುವುದಿಲ್ಲ. ಹಳೆಯ ಕಾಲದ ದೊಡ್ಡ ನಟ, ಗಾಯಕ ಪಿ. ರಾಮ್ಲಿ ತೀರಿಕೊಂಡದ್ದು 1973ರಲ್ಲಿ, ಇವತ್ತಿಗೂ ಅವರ ಸಿನಿಮಾ ಟಿವಿಯಲ್ಲಿ ಬಂದರೆ ಕಾಕ್ ಕೈಕೆಲಸ ಬಿಟ್ಟು ಕೂರುತ್ತಾರೆ. 2005ರಲ್ಲಿ 'ಅಕಾಡೆಮಿ ಫಾಂಟಾಸಿಯಾ' ಅನ್ನುವ ಹಾಡಿನ ಸ್ಪರ್ಧೆಯಲ್ಲಿ ಮಾವಿ ಗೆದ್ದ. ಜೊಹೊರ್ ರಾಜ್ಯದ ಫೆಲ್ಡಾ ಕಾಲೊನಿಯ ಹುಡುಗ. ಜಮೀನಿಲ್ಲದ ಬಡ ಕುಟುಂಬಗಳಿಗೆ ಸರ್ಕಾರ ರಬ್ಬರ್, ತಾಳೆ ತೋಟ ಹಂಚಿಕೊಟ್ಟು ನೆಲೆ ನಿಲ್ಲಿಸಿದ ಕಾಲೊನಿಗಳವು. ನಮ್ಮಂಥವರ ಮನೆ ಹುಡುಗ ಅಂತ ಜನ ಎಸ್ಸೆಮ್ಮೆಸ್ ಕಳಿಸಿ ಗೆಲ್ಲಿಸಿದರು. ತಾನೂ ಆ ಸೀಸನ್‌ನಲ್ಲಿ ರೀಚಾರ್ಜ್ ಮಾಡಿಸಿ ಮಾಡಿಸಿ ವೋಟು ಹಾಕಿದ್ದೆ ಅಂತ ಕಾಕ್ ಈಗಲೂ ಖುಷಿಯಿಂದ ಹೇಳುತ್ತಾರೆ. ಆ ಅಭಿಮಾನಕ್ಕೆ ಖರ್ಚಾದದ್ದು ಕೆಲವು ರಿಂಗಿಟ್. ಮಗಳ ಅಭಿಮಾನಕ್ಕೆ ಖರ್ಚಾದದ್ದು ಒಂದು ಸೆಮಿಸ್ಟರ್.

ನಡುವೆ ಏನೋ ಬದಲಾಯಿತು. ಸಿತಿ ನುರ್ಹಾಲಿಜಾ ಅಂಥ ದೊಡ್ಡ ಗಾಯಕಿಯೇ 2010ರಲ್ಲಿ ತಮ್ಮ ಹೆಸರಿನ ಸೌಂದರ್ಯವರ್ಧಕ ತಂದರು. 2014ರಲ್ಲಿ ನಟಿ ನೀಲೋಫಾ ತುಡುಂಗ್ ವ್ಯಾಪಾರಕ್ಕಿಳಿದರು. ಕೆಲಾಂತಾನ್ ರಾಜ್ಯದ ಪಾಸಿರ್ ಮಾಸ್‌ನವರು. ಅಲ್ಲಿನ ಹೆಂಗಸರು ಹುಟ್ಟಾ ವ್ಯಾಪಾರಿಗಳು. ಆ ರಾಜ್ಯದ ರಾಜಧಾನಿ ಕೋಟಾ ಭಾರುವಿನ ದೊಡ್ಡ ಮಾರುಕಟ್ಟೆಗೆ ಪ್ರವಾದಿಯವರ ಪತ್ನಿ, ಸ್ವತಃ ವ್ಯಾಪಾರ ಮಾಡುತ್ತಿದ್ದ ಖದೀಜಾ ಅವರ ಹೆಸರೇ ಇದೆ, ಅಂಗಡಿ ಹಾಕಿ ಕೂತವರಲ್ಲೂ ಹೆಂಗಸರೇ ಹೆಚ್ಚು. ಹಾಗಾಗಿ ಒಬ್ಬ ಹೆಣ್ಣುಮಗಳು ಹೆಸರು ಮಾಡಿ, ಆ ಹೆಸರಿನ ಮೇಲೆ ಉದ್ಯಮ ಕಟ್ಟಿದರೆ ನನಗೆ ಸಂತೋಷವೇ. ನನ್ನ ಸಂಕಟ ಅವರಿಬ್ಬರ ಬಗ್ಗೆ ಅಲ್ಲ. ಆ ದಾರಿ ನೋಡಿಕೊಂಡು, ಎರಡು ಧಾರಾವಾಹಿಯಲ್ಲಿ ಕಂಡವರೆಲ್ಲ ಫೌಂಡರ್ ಆಗಿ, ತಮ್ಮನ್ನು ಅಕ್ಕ ಅಂತ ಕರೆಯುವ ಮಕ್ಕಳ ತಲೆಗೇ ಮಾಲು ಕಟ್ಟುವುದಿದೆಯಲ್ಲ, ಅದರ ಬಗ್ಗೆ.

ಹಿರಿಯರು ಸುಮ್ಮನಿದ್ದಾರೆ ಅಂತಲ್ಲ. ಅವರ ಸಿಟ್ಟು ಬೇರೆ ಕಡೆ ಹರಿಯುತ್ತದೆ. 1992ರಲ್ಲಿ ಉದ್ದ ಕೂದಲಿನ ರಾಕ್ ಗಾಯಕರಿಗೆ ಸರ್ಕಾರಿ ಟಿವಿಯಲ್ಲಿ ಜಾಗವಿಲ್ಲ ಅಂದರು, ಕೂದಲು ಕತ್ತರಿಸಿಕೊಂಡೇ ಒಳಗೆ ಬರಬೇಕಾಯಿತು. 2015ರ ಜನವರಿಯಲ್ಲಿ ಬಿ1ಎ4 ಅನ್ನುವ ಕೊರಿಯನ್ ತಂಡದ ಹುಡುಗರು ವೇದಿಕೆಯ ಮೇಲೆ ತುಡುಂಗ್ ಧರಿಸಿದ ಹುಡುಗಿಯರನ್ನು ಅಪ್ಪಿಕೊಂಡ ವಿಡಿಯೊ ಹರಡಿದಾಗ ಧಾರ್ಮಿಕ ಇಲಾಖೆ ವಿಚಾರಣೆಗಿಳಿಯಿತು. ಬೈಗುಳ ತಿಂದದ್ದು ಆ ಹುಡುಗಿಯರು. 2023ರಲ್ಲಿ ಬ್ರಿಟಿಷ್ ತಂಡವೊಂದರ ಗಾಯಕ ವೇದಿಕೆಯಲ್ಲಿ ಜೊತೆಗಾರನಿಗೆ ಮುತ್ತು ಕೊಟ್ಟಾಗ ಸಂಗೀತ ಉತ್ಸವದ ಉಳಿದ ದಿನಗಳೆಲ್ಲ ರದ್ದಾದವು. ಕೂದಲು, ಅಪ್ಪುಗೆ, ಮುತ್ತು. ಮಕ್ಕಳು ಕೆಡುವುದು ಇವುಗಳಿಂದ ಅಂತ ನಂಬಿಕೆ. ತುಡುಂಗ್ ಸರಿಯಾಗಿ ಹೊದ್ದು, ಸಲಾಂ ಹೇಳಿ, ಲೈವ್‌ನಲ್ಲಿ ಕೂತು "ಬೆಗ್ ಕುನಿಂಗ್ ಒತ್ತಿ ತಂಗಿಯರೇ" ಅಂತ ಮಾರುವವರು ಯಾರ ಕಣ್ಣಿಗೂ ಬೀಳುವುದಿಲ್ಲ. ಬೆಗ್ ಕುನಿಂಗ್ ಅಂದರೆ ಹಳದಿ ಚೀಲ, ಟಿಕ್‌ಟಾಕ್ ಅಂಗಡಿಯ ಗುರುತು.

ಇದಕ್ಕೆ ಧರ್ಮವೂ ಸೇರಿಕೊಂಡಿದೆ. 2010ರಲ್ಲಿ 'ಇಮಾಮ್ ಮುಡಾ' ಅಂತ ಟಿವಿ ಸ್ಪರ್ಧೆ ಬಂತು, ಯುವ ಇಮಾಮರನ್ನು ಆರಿಸುವುದು. ವಾರಸುದಾರರಿಲ್ಲದ ಶವಕ್ಕೆ ಸ್ನಾನ ಮಾಡಿಸಿ ಮಣ್ಣು ಮಾಡುವುದೂ ಅದರಲ್ಲೊಂದು ಪರೀಕ್ಷೆ. ಅದನ್ನು ಕೇಳಿ ನನಗೆ ಗೌರವವೇ ಬಂತು. ಖ್ಯಾತಿಗೆ ಅಂಥ ಕೆಲಸವನ್ನೂ ಮಾಡಿಸುವ ಶಕ್ತಿ ಇದೆ, ನಮ್ಮಲ್ಲಿ ಪುನೀತ್ ಹೋದ ಮೇಲೆ ಎಷ್ಟೊಂದು ಹುಡುಗರು ನೇತ್ರದಾನಕ್ಕೆ ಹೆಸರು ಬರೆಸಿದರಲ್ಲ, ಹಾಗೆ. ಆದರೆ ಪಕ್ಕದ ಮನೆಯ ಹುಡುಗಿಗೆ ತಲುಪಿದ್ದು ಅದಲ್ಲ. ಅವಳ ಏಜೆಂಟ್ ಗುಂಪಿನಲ್ಲಿ ಮಾರಾಟ ಕುಂದಿದವರಿಗೆ ದಿನಾ ಒಂದು ಸಂದೇಶ ಬರುತ್ತದೆ: ಪ್ರಾರ್ಥನೆ ಹೆಚ್ಚಿಸು, ತಾಯಿಯ ಆಶೀರ್ವಾದ ಕೇಳು, ರಿಜ್ಕಿ ಬರುತ್ತದೆ. ರಿಜ್ಕಿ ಅಂದರೆ ದೇವರು ಕೊಡುವ ಜೀವನೋಪಾಯ. ಡಬ್ಬ ಮಾರಾಟವಾಗದಿದ್ದರೆ ಅದು ಅವಳ ಭಕ್ತಿಯ ಕೊರತೆ! ಇದನ್ನು ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. 19 ವರ್ಷದ ಮಗುವಿಗೆ ಹೇಳುವ ಮಾತಾ ಇದು?

ಚರ್ಮದ ವಿಷಯವೂ ಇದೆ. ಮುಖ ಬಿಳುಪಾಗಿಸುವ ಕ್ರೀಮುಗಳಲ್ಲಿ ಪಾದರಸ, ಹೈಡ್ರೊಕ್ವಿನೋನ್ ಸಿಕ್ಕಿದೆ ಅಂತ ಇಲ್ಲಿನ ಆರೋಗ್ಯ ಇಲಾಖೆ ಆಗಾಗ ಪಟ್ಟಿ ಹೊರಡಿಸುತ್ತದೆ. ಇವಳ ಸೀರಮ್ ಆ ಪಟ್ಟಿಯಲ್ಲಿಲ್ಲ, ನಾನೇ ಹುಡುಕಿ ನೋಡಿದೆ. ಆದರೆ ಚೆಂದದ ಗೋಧಿ ಬಣ್ಣದ ಹುಡುಗಿ ದಿನವೂ ಫಿಲ್ಟರ್ ಹಾಕಿದ ತನ್ನ ಮುಖ ನೋಡಿ ನೋಡಿ, ಈಗ ಕನ್ನಡಿ ಮುಂದೆ ನಿಂತರೆ ಮುಖ ಸಿಂಡರಿಸುತ್ತಾಳೆ.

ಹೋದ ವಾರ ಕಾಕ್ ನಾಸಿ ಲೆಮಾಕ್ ತಂದುಕೊಟ್ಟರು. ಅವಳ ಬಗ್ಗೆ ಕೇಳಿದೆ. "ಈಗ ಬೆಳಿಗ್ಗೆ ನನ್ನ ಜೊತೆ ಎದ್ದು ಪೊಟ್ಟಣ ಕಟ್ಟುತ್ತಾಳೆ, ಸಾಲ ತೀರಬೇಕಲ್ಲ" ಅಂದರು. ಡಬ್ಬ ಎಷ್ಟು ಉಳಿದಿವೆ ಅಂದೆ. 61 ಅಂದರು. ಆ ನಟಿ ಮೊನ್ನೆ ಹೊಸ ಸೀರಮ್ ಬಿಟ್ಟಿದ್ದಾಳಂತೆ, ಹಳೆಯದನ್ನು ಈಗ ಯಾರೂ ಕೇಳುವುದಿಲ್ಲವಂತೆ.