ನ್ಯಾಚುರಲ್ ಆಗಿ ನಿಂತ್ಕೊಳ್ಳಿ ಸರ್!

ಆರಾಮಾಗಿ ನಿಂತಿರುವ ಮನುಷ್ಯನ ಮೈ ಸೆಟೆದುಕೊಳ್ಳಬೇಕು ಅಂದರೆ ಬೈಯಬೇಕಿಲ್ಲ, ಹೆದರಿಸಬೇಕಿಲ್ಲ. ಎದುರಿಗೆ ಕ್ಯಾಮೆರಾ ಹಿಡಿದು "ಸರ್, ಸ್ವಲ್ಪ ನ್ಯಾಚುರಲ್ ಆಗಿರಿ" ಅಂದರೆ ಸಾಕು. ಅಲ್ಲಿಯವರೆಗೂ ಇದ್ದೂ ಇಲ್ಲದಂತಿದ್ದ ಎರಡು ಕೈಗಳು ತಟ್ಟನೆ ನೆನಪಾಗುತ್ತವೆ. ಇವನ್ನು ಎಲ್ಲಿಡುವುದು? ಕಟ್ಟಿಕೊಂಡರೆ ಜಗಳಗಂಟ. ಬೆನ್ನ ಹಿಂದೆ ಇಟ್ಟರೆ ಹೆಡ್‌ಮಾಸ್ಟರು. ಮುಗಿದರೆ ಚುನಾವಣೆ ಅಭ್ಯರ್ಥಿ. ಸುಮ್ನೆ ಇಳಿಬಿಟ್ಟರೆ ಪೊಲೀಸ್ ಸ್ಟೇಷನ್ನಿನ ಫೋಟೋ.

ಈ ಹಿಂಸೆಗೆ ನಮ್ಮ ಕಡೆ ಪ್ರಶಸ್ತವಾದ ಜಾಗ ಅಂದರೆ ಆರತಕ್ಷತೆಯ ಸ್ಟೇಜು. ಸಂಬಂಧಿಕರ ಹುಡುಗನ ಆರತಕ್ಷತೆಯಲ್ಲಿ ಕ್ಯೂ ಕರಗಿ ಕರಗಿ ಕೊನೆಗೂ ನಮ್ಮ ಸರದಿ ಬಂತು. ಊಟದ ಹಾಲಿನಿಂದ ಹಪ್ಪಳ ಕರಿದ ವಾಸನೆ ಬರುತ್ತಿತ್ತು. ಮುಯ್ಯಿ ಕವರು ಹುಡುಗನ ಕೈಗಿಟ್ಟು "ಒಳ್ಳೇದಾಗಲಪ್ಪಾ" ಅನ್ನುವಷ್ಟರಲ್ಲಿ ಫೋಟೋಗ್ರಾಫರ್ ಕೂಗಿದರು: "ಸರ್, ಕವರ್ ಬಿಡ್ಬೇಡಿ! ಹಾಗೇ ಹಿಡ್ಕೊಂಡು ಈ ಕಡೆ ನೋಡಿ." ಹುಡುಗ ಒಂದು ತುದಿ ಹಿಡಿದ. ಒಂದು ರೂಪಾಯಿ ನಾಣ್ಯ ಅಂಟಿಸಿದ ತುದಿ ನನ್ನ ಕೈಯಲ್ಲಿ. ಅಷ್ಟರಲ್ಲಿ ವಿಡಿಯೋದವರ ಲೈಟು ಆರಿತು. ಅದು ಮತ್ತೆ ಹತ್ತಿಕೊಳ್ಳುವ ತನಕ ಇಬ್ಬರೂ ಕವರು ಬಿಡುವ ಹಾಗಿಲ್ಲ. ನಗುವನ್ನೂ ಇಳಿಸುವ ಹಾಗಿಲ್ಲ. ನನ್ನ ಕೆನ್ನೆ ಸಣ್ಣಗೆ ನಡುಗಲು ಶುರುವಾಯಿತು.

ಆಮೇಲೆ ವಾಟ್ಸಾಪಿಗೆ ಬಂದ ಫೋಟೋದಲ್ಲಿ ಕಥೆಯೇ ಬೇರೆ. ಕೊಟ್ಟ ಮುಯ್ಯಿಯನ್ನು ನಾನು ವಾಪಸ್ ಕಿತ್ತುಕೊಳ್ಳುತ್ತಿದ್ದೇನೆ. ಹುಡುಗ ಪಾಪ, ನಗುನಗುತ್ತಲೇ ಬಿಡಿಸಿಕೊಳ್ಳಲು ನೋಡುತ್ತಿದ್ದಾನೆ. ಮದುಮಗಳು ಗಾಬರಿಯಿಂದ ಕವರನ್ನೇ ನೋಡುತ್ತಿದ್ದಾಳೆ. ನನ್ನ ಹೆಂಡತಿ ಮಾತ್ರ ಕ್ಯಾಮೆರಾ ಕಡೆ ತಿರುಗಿ ಮಹಾರಾಣಿಯ ಗತ್ತಿನಲ್ಲಿ ನಿಂತಿದ್ದಾಳೆ. ಫೋಟೋ ನೋಡಿ ಅವಳು ಕೇಳಿದ್ದು ಒಂದೇ ಪ್ರಶ್ನೆ: "ಅಷ್ಟು ಹೊಟ್ಟೆ ಉರಿಯೋ ಹಾಗಿದ್ರೆ ಕಮ್ಮಿ ಹಾಕಬಹುದಿತ್ತಲ್ಲಾ?"

ನಗು ಅನ್ನುವುದು ಹೇಳಿದ ಕೂಡಲೇ ಬರುವ ವಸ್ತುವಲ್ಲ. ಡುಶೆನ್ ಎಂಬ ಫ್ರೆಂಚ್ ವೈದ್ಯರು ಜನರ ಮುಖಕ್ಕೆ ಸಣ್ಣದಾಗಿ ಕರೆಂಟ್ ಕೊಟ್ಟು ಯಾವ ಸ್ನಾಯು ಏನು ಮಾಡುತ್ತದೆ ಅಂತ ನೋಡಿ, 1862ರಲ್ಲಿ ಪುಸ್ತಕವನ್ನೇ ಬರೆದರು. ತುಟಿ ಎಳೆಯುವ ಸ್ನಾಯು ನಾವು ಹೇಳಿದಂತೆ ಕೇಳುತ್ತದೆ. ಕಣ್ಣಿನ ಸುತ್ತಲಿನದು ನಿಜವಾದ ಖುಷಿಗೆ ಮಾತ್ರ ಕುಗ್ಗುತ್ತದೆ. ಇದು ಅವರ ತೀರ್ಮಾನ. ಕರೆಂಟ್ ಕೈಯಲ್ಲಿದ್ದವರೇ ಹೀಗೆ ಹೇಳಿದ ಮೇಲೆ, ಹಸಿದ ಹೊಟ್ಟೆಯವನಿಗೆ "ಸ್ಮೈಲ್ ಸರ್, ಸ್ಮೈಲ್" ಅಂದರೆ ಬರುತ್ತದೆಯೇ? ತುಟಿ ಮಾತ್ರ ಬರುತ್ತದೆ. ಕಣ್ಣು ಊಟದ ಹಾಲಿನಲ್ಲೇ ಇರುತ್ತದೆ.

ಇದಕ್ಕೆ ಪರಿಹಾರ ಅಂತ ಈಗ ಕ್ಯಾಂಡಿಡ್ ಬಂದಿದೆ. ನಮಗೆ ಗೊತ್ತಿಲ್ಲದ ಹಾಗೆ ತೆಗೆಯುತ್ತಾರಂತೆ. ಸರಿ. ಆದರೆ ಅವರು ಹೊಂಚು ಹಾಕುವುದು ಯಾವಾಗ? ತುಪ್ಪ ಸುರಿಸಿಕೊಂಡ ಹೋಳಿಗೆಯ ತುತ್ತು ಬಾಯಿಯ ಬಾಗಿಲಲ್ಲಿ ಇರುವಾಗ. ಆ ಫೋಟೋದಲ್ಲಿ ನನ್ನ ಕಣ್ಣಿನ ಸ್ನಾಯು ಡುಶೆನ್ ಹೇಳಿದಂತೆಯೇ ಕುಗ್ಗಿದೆ, ಸುಳ್ಳು ಹೇಳಬಾರದು. ಉಳಿದ ಮುಖದ ಬಗ್ಗೆ ಮಾತು ಬೇಡ.

ಯೂಟ್ಯೂಬಿನಲ್ಲಿ ಸಲಹೆಗಳಿಗೇನೂ ಬರವಿಲ್ಲ. ಭುಜ ಸಡಿಲ ಬಿಡಿ, ಗದ್ದ ಸ್ವಲ್ಪ ಮುಂದೆ ತಂದು ಕೆಳಗಿಳಿಸಿ, ಭಾರ ಒಂದೇ ಕಾಲಿನ ಮೇಲೆ ಹಾಕಿ, ಉಸಿರು ಬಿಡುತ್ತಾ ನಗಿ. ಒಂದೊಂದೂ ಒಳ್ಳೆಯದೇ. ಎಲ್ಲಾ ಒಟ್ಟಿಗೆ ಮಾಡಿದಾಗ ಮಾತ್ರ ಪಕ್ಕದಲ್ಲಿದ್ದವರು "ಕುತ್ತಿಗೆ ಹಿಡ್ಕೊಂಡಿದ್ಯಾ?" ಅಂತ ಕೇಳುತ್ತಾರೆ.

ಇನ್ನು ಫೋಟೋ ಬಂದ ಮೇಲಿನ ಸಂಕಟ. ಮೂವತ್ತು ಜನರ ಗ್ರೂಪ್ ಫೋಟೋ ಬಂದರೂ ಎಲ್ಲರೂ ಮಾಡುವುದು ಒಂದೇ ಕೆಲಸ. ಎರಡು ಬೆರಳು ಇಟ್ಟು ತಮ್ಮ ಮುಖವನ್ನು ಹಿಗ್ಗಿಸುವುದು. ಆಮೇಲೆ "ಅಯ್ಯೋ, ನಾನು ಹೀಗಿದ್ದೀನಾ?" ಅನ್ನುವುದು. ತಪ್ಪು ಪೂರ್ತಿ ನಮ್ಮದಲ್ಲ. ನಾವು ದಿನಾ ನೋಡುವುದು ಕನ್ನಡಿಯ ಮುಖ, ಅಂದರೆ ಎಡಬಲ ಅದಲು ಬದಲಾದದ್ದು. ಅಮೆರಿಕದ ಮನಶ್ಶಾಸ್ತ್ರಜ್ಞರು 1977ರಲ್ಲಿ ಇದನ್ನೇ ಪರೀಕ್ಷಿಸಿದ್ದರು. ಜನ ತಮ್ಮ ಕನ್ನಡಿ ರೂಪವನ್ನೇ ಹೆಚ್ಚಾಗಿ ಮೆಚ್ಚಿಕೊಂಡರು. ಅವರ ಸ್ನೇಹಿತರು ನೇರ ರೂಪವೇ ಚೆಂದ ಅಂದರು. ಯಾರಿಗೆ ಯಾವುದು ರೂಢಿಯೋ ಅದೇ ಚೆಂದ. ಹಾಗಾಗಿ ಹೆಂಡತಿ "ನೀವು ಇರೋದೇ ಹೀಗೆ" ಅಂದಾಗ ಅದರಲ್ಲಿ ವ್ಯಂಗ್ಯ ಹುಡುಕಬಾರದು ಅಂತ ನಾನು ತೀರ್ಮಾನಿಸಿದ್ದೇನೆ. ಸೆಲ್ಫಿಯ ಮೂಗಿಗೂ ಕಾರಣವಿದೆ. ಒಂದಡಿ ದೂರದಿಂದ ತೆಗೆದ ಫೋಟೋದಲ್ಲಿ ಮೂಗು, ಐದಡಿಯಿಂದ ತೆಗೆದದ್ದಕ್ಕಿಂತ ಶೇ. 30ರಷ್ಟು ಅಗಲ ಕಾಣುತ್ತದೆ ಅಂತ 2018ರಲ್ಲಿ ವೈದ್ಯರೇ ಲೆಕ್ಕ ಹಾಕಿ ಹೇಳಿದ್ದಾರೆ. ಕೈ ಉದ್ದ ಇದ್ದವರು ಪುಣ್ಯವಂತರು.

ನಮ್ಮ ಮನೆಯ ಗೋಡೆಯಲ್ಲಿ ಅಜ್ಜ ಅಜ್ಜಿಯ ಸ್ಟುಡಿಯೋ ಫೋಟೋ ಇದೆ. ಅಜ್ಜ ಕುರ್ಚಿಯಲ್ಲಿ, ಎರಡು ಕೈ ಎರಡು ಮಂಡಿಯ ಮೇಲೆ. ಅಜ್ಜಿ ಪಕ್ಕದಲ್ಲಿ ನಿಂತು ಕುರ್ಚಿಯ ಬೆನ್ನು ಹಿಡಿದಿದ್ದಾರೆ. ಹಿಂದೆ ಪರದೆಯಲ್ಲಿ ಬರೆದ ಅರಮನೆ ಮೆಟ್ಟಿಲು. ಇಬ್ಬರ ಮುಖದಲ್ಲೂ ನಗು ಇಲ್ಲ, ಅದಕ್ಕಾಗಿ ಪರದಾಟವೂ ಇಲ್ಲ. ಕೈ ಎಲ್ಲಿಡಬೇಕು ಅಂತ ಸ್ಟುಡಿಯೋದವರೇ ಹೇಳಿದರು, ಇಟ್ಟರು, ಮುಗಿಯಿತು. ಫೋಟೋಗ್ರಫಿ ಶುರುವಾದ 1839ರ ಕಾಲಕ್ಕೆ ಹೋದರಂತೂ ಇನ್ನೂ ಸಸಾರ. ಆಗ ನಿಮಿಷಗಟ್ಟಲೆ ಅಲ್ಲಾಡದೆ ಇರಬೇಕಿತ್ತು. ತಲೆ ಅಲುಗದ ಹಾಗೆ ಹಿಂದಿನಿಂದ ಕಬ್ಬಿಣದ ಆಧಾರ ಕೊಡುವುದೂ ಆಮೇಲೆ ರೂಢಿಗೆ ಬಂತು. ಕಬ್ಬಿಣ ಹಿಡಿದು ನಿಲ್ಲಿಸಿದವರಿಗೆ ನ್ಯಾಚುರಲ್ ಆಗಿರಿ ಅನ್ನುವ ಧೈರ್ಯ ಯಾರಿಗಿರುತ್ತದೆ? ನನಗೆ ಇವತ್ತಿಗೂ ಪಾಸ್‌ಪೋರ್ಟ್ ಫೋಟೋ ಇಷ್ಟವಾಗುವುದು ಇದಕ್ಕೇ. ನಗಬಾರದು ಅನ್ನುವುದೇ ಅಲ್ಲಿ ನಿಯಮ. ಎಂಥಾ ನೆಮ್ಮದಿ!

ನಮ್ಮ ವಂಶದಲ್ಲಿ ಕ್ಯಾಮೆರಾಕ್ಕೆ ಕ್ಯಾರೇ ಅನ್ನದವರು ದೊಡ್ಡಮ್ಮ ಒಬ್ಬರೇ. ದಸರಾ ರಜೆಯಲ್ಲಿ ನನ್ನ ಮಗಳು "ದೊಡ್ಡಜ್ಜಿ, ಚಿತ್ರಾನ್ನ ಮಾಡೋದು ತೋರಿಸಿ, ರೀಲ್ ಮಾಡ್ತೀನಿ" ಅಂತ ಮೊಬೈಲ್ ಹಿಡಿದಳು. ಸೆರಗು ಸರಿಮಾಡಿಕೊಳ್ಳುತ್ತಾರೇನೋ ಅಂದುಕೊಂಡೆ. ಇಲ್ಲ. "ಅದನ್ನ ಮೂತಿಗೆ ಯಾಕೆ ಹಿಡೀತೀಯೆ? ಎಣ್ಣೆ ಸಿಡಿಯುತ್ತೆ, ಆಚೆ ಹೋಗು" ಅಂದರು. "ಹೋಗೋ ಮುಂಚೆ ಆ ಸಾಸಿವೆ ಡಬ್ಬಿ ಕೊಡು." ವಿಡಿಯೋದಲ್ಲಿ ಒಂದು ಕೈ ಬಂದು ಡಬ್ಬಿ ಕೊಟ್ಟು ಹೋಗುತ್ತದೆ. ಸಾಸಿವೆ ಚಟಪಟ ಅಂತು, ಕಡಲೆಬೇಳೆ, ಉದ್ದಿನಬೇಳೆ, ಶೇಂಗಾ ಬಿತ್ತು. ದೊಡ್ಡಮ್ಮ ಕರಿಬೇವು ತರಿಯುತ್ತಾ ಎದುರುಮನೆಯವರ ನಲ್ಲಿ ರಿಪೇರಿಯ ಕಥೆಯನ್ನೂ ಹೇಳಿ ಮುಗಿಸಿದರು.

ಗ್ರೂಪಿನಲ್ಲಿ ಹಾಕಿದ್ದೇ ತಡ, ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಎಷ್ಟು ನ್ಯಾಚುರಲ್ಲು, ಎಷ್ಟು ಕಾನ್ಫಿಡೆಂಟು! ಮಗಳು ಓಡಿ ಹೋಗಿ ದೊಡ್ಡಜ್ಜಿಗೆ ವಿಡಿಯೋ ತೋರಿಸಿದಳು. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದರು. ಇನ್ನೊಮ್ಮೆ ಹಾಕಿಸಿಕೊಂಡರು.

"ಕಡಲೆಬೇಳೆ ಸ್ವಲ್ಪ ಸೀದಿದೆ" ಅಂದರು. "ಇದನ್ನ ಯಾಕೆ ಎಲ್ಲರಿಗೂ ಕಳಿಸಿದೆ?"